ಕ್ಯಾನ್ಸರ್ ತಪಾಸಣೆಗೆ ಜನ ಬರುವಂತೆ ಮಾಡುವುದು ಹೇಗೆ: ಮಲೆನಾಡಿನಲ್ಲಿ ಶಿಬಿರ ನಡೆಸುವವರಿಗೆ

30ರಿಂದ 65 ವಯಸ್ಸಿನ ಎಲ್ಲರಿಗೂ ಬಾಯಿಯ ಕ್ಯಾನ್ಸರಿಗಾಗಿ, ಮಹಿಳೆಯರಿಗೆ ಅದರೊಂದಿಗೆ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರಿಗಾಗಿ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ಮಾರ್ಗಸೂಚಿ ನೀಡಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರ ಪೈಕಿ ಗರ್ಭಕೋಶದ ಕೊರಳಿನ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡಿದ್ದವರು ಶೇ 1.9, ಸ್ತನದ ತಪಾಸಣೆ ಮಾಡಿಸಿಕೊಂಡಿದ್ದವರು ಶೇ 0.9 ಮಾತ್ರ. ಇದನ್ನು ‘ಜನರಿಗೆ ಅರಿವಿಲ್ಲ’ ಎಂದು ತಳ್ಳಿಹಾಕುವುದು ಸುಲಭ. ನನ್ನ ಮಟ್ಟಿಗೆ ಕೊರತೆ ಹೆಚ್ಚಾಗಿರುವುದು ಶಿಬಿರದ ದಿನ, ಜಾಗ ಮತ್ತು ಶಿಬಿರ ಮುಗಿದ ಮೇಲಿನ ವ್ಯವಸ್ಥೆಯಲ್ಲಿ.

ಮೊದಲು ದಿನ ಗೊತ್ತುಮಾಡುವ ವಿಚಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಕೊಯ್ಲು, ಸುಲಿತ ಶುರುವಾದ ಮೇಲೆ ಕೂಲಿಗೆ ಹೋಗುವವರಿಗೂ ತೋಟದ ಮನೆಯವರಿಗೂ ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಗದ್ದೆ ನಾಟಿ, ಅದರ ಮೇಲೆ ಹಳ್ಳ ದಾಟುವ ಕಷ್ಟ. ಉಳಿಯುವುದು ಬೇಸಿಗೆಯ ಕೆಲವು ವಾರಗಳು, ಅದರಲ್ಲೂ ಮದುವೆ, ಜಾತ್ರೆಗಳನ್ನು ಬಿಟ್ಟು ಹುಡುಕಬೇಕು. ಒಂದೇ ದಿನದ ಶಿಬಿರವಾದರೆ ಆ ದಿನ ಮುಟ್ಟಾದವರು ತಾವಾಗಿಯೇ ಹೊರಗುಳಿಯುತ್ತಾರೆ, ಮುಂದೆ ಅವರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಎರಡು ವಾರದ ಅಂತರದಲ್ಲಿ ಎರಡು ದಿನಗಳನ್ನು ಇಟ್ಟುಕೊಂಡು, ಯಾವ ದಿನ ಅನುಕೂಲವೆಂದು ಪ್ರತಿಯೊಬ್ಬರನ್ನೂ ಮೊದಲೇ ಕೇಳಿ ಬರೆದುಕೊಳ್ಳಬೇಕು. ಶಕ್ತಿ ಯೋಜನೆಯಿದೆ, ಮಹಿಳೆಯರು ಉಚಿತವಾಗಿ ಬರುತ್ತಾರೆ ಎಂದು ಲೆಕ್ಕ ಹಾಕಬೇಡಿ: ನಮ್ಮ ಒಳ ಊರುಗಳಿಗೆ ಹೋಗುವ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವು, ಅಲ್ಲಿ ಟಿಕೆಟಿಗೆ ದುಡ್ಡು ಕೊಡಲೇಬೇಕು. ಮಧ್ಯಾಹ್ನದ ಬಸ್ಸು ತಪ್ಪಿದರೆ ಸಂಜೆಯವರೆಗೆ ಕಾಯಬೇಕಾದ ಊರಿನವರನ್ನು ಮೊದಲು ಒಳಗೆ ಕರೆಯುವುದು ಒಳ್ಳೆಯದು.

ಆಟೋದಲ್ಲಿ ಮೈಕ್ ಕಟ್ಟಿ ಸಾರುವುದರಿಂದ ಶಿಬಿರದ ಸುದ್ದಿ ತಲುಪುತ್ತದೆ, ಜನ ಬರುವುದಿಲ್ಲ. ಹೆಸರು, ದಿನ, ಸಮಯ ಬರೆದ ಚೀಟಿಯನ್ನು ಆಶಾ ಕಾರ್ಯಕರ್ತೆಯ ಕೈಯಲ್ಲಿ ಮನೆಗೆ ಕಳಿಸಿ, ಹಿಂದಿನ ದಿನ ಫೋನಿನಲ್ಲಿ ಇನ್ನೊಮ್ಮೆ ನೆನಪಿಸಿದರೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಪರೀಕ್ಷೆಯೆಂದರೆ ಏನೆಂಬುದನ್ನೂ ಆಗಲೇ ತಿಳಿಸಬೇಕು. ಶೇ 5ರ ಅಸಿಟಿಕ್ ಆಮ್ಲವನ್ನು, ಅಂದರೆ ವಿನಿಗರ್‌ನಂತಹ ದ್ರವವನ್ನು, ಗರ್ಭಕೋಶದ ಕೊರಳಿಗೆ ಹಚ್ಚಿ ಒಂದು ನಿಮಿಷ ಕಾದು ಎಲ್ಲಾದರೂ ಬೆಳ್ಳಗಾಗಿದೆಯೇ ಎಂದು ನೋಡುತ್ತಾರೆ. ಕೊಯ್ಯುವುದಿಲ್ಲ, ಅರಿವಳಿಕೆ ಕೊಡುವುದಿಲ್ಲ, ಫಲಿತಾಂಶ ಅಲ್ಲೇ ಸಿಗುತ್ತದೆ. ‘ದೊಡ್ಡ ಡಾಕ್ಟರೇ ನೋಡಬೇಕು’ ಎನ್ನುವವರಿಗೆ ಮುಂಬೈಯ ಉದಾಹರಣೆ ಕೊಡಬಹುದು: ಟಾಟಾ ಸ್ಮಾರಕ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದಲೇ ಈ ಪರೀಕ್ಷೆ ಮಾಡಿಸಿದಾಗ ಈ ಕ್ಯಾನ್ಸರಿನಿಂದಾಗುವ ಸಾವು ಶೇ 31ರಷ್ಟು ಕಡಿಮೆಯಾಯಿತು.

ಸಂಕೋಚ ಎಂಬ ಕಾರಣವನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದನ್ನು ಹೆಚ್ಚಿಸುವುದು ನೋಂದಣಿಯ ಮೇಜು. ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿ, ಪಕ್ಕದ ಮನೆಯವರೂ ಓರಗಿತ್ತಿಯೂ ಹಿಂದೆ ನಿಂತಿರುವಾಗ ‘ಬಿಳಿಸೆರಗು ಹೋಗುತ್ತಾ?’ ಎಂದು ಗಟ್ಟಿಯಾಗಿ ಕೇಳಿದರೆ ಸಾಲಿನಲ್ಲಿರುವ ಕೆಲವರು ಮಾತಿಲ್ಲದೆ ಹೊರಟುಹೋಗುತ್ತಾರೆ. ಹೊರಗೆ ಹೆಸರು ಮಾತ್ರ ಬರೆದುಕೊಂಡು, ಉಳಿದ ಪ್ರಶ್ನೆಗಳನ್ನು ಒಳಗೆ, ಚಿಲಕವಿರುವ ಕೋಣೆಯಲ್ಲಿ, ಮಹಿಳಾ ಸಿಬ್ಬಂದಿಯೇ ಕೇಳಬೇಕು. ಅಲ್ಲಿಯೇ ಬಿ.ಪಿ., ಶುಗರ್ ಕೂಡ ನೋಡುವುದಾದರೆ, ಯಾರು ಯಾವುದಕ್ಕೆ ಬಂದರೆಂದು ಊರಿಗೆ ತಿಳಿಯುವುದಿಲ್ಲ.

ಗಂಡಸರ ಸಮಸ್ಯೆ ಬೇರೆ. ಹೊಗೆಸೊಪ್ಪಿಲ್ಲದ ಬರಿ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಆದರೆ ಅಡಿಕೆಯಿಂದಲೇ ಒಲೆ ಉರಿಯುವ ಊರಿನಲ್ಲಿ ಮೈಕ್ ಹಿಡಿದು ‘ಅಡಿಕೆ ವಿಷ’ ಎಂದು ಶುರುಮಾಡಿದರೆ ಮುಂದಿನ ಮಾತು ಯಾರಿಗೂ ಬೇಡ. ಅದಕ್ಕಿಂತ, ತರಬೇತಾದವರೊಬ್ಬರು ಟಾರ್ಚ್ ಹಿಡಿದು ಸುಲಿತದ ಅಂಗಳಕ್ಕೋ ವಾರದ ಸಂತೆಗೋ ಹೋಗಲಿ. ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಿದೆಯೇ, ಖಾರ ತಾಗಿದರೆ ಉರಿಯುತ್ತದೆಯೇ, ಮೂರು ಬೆರಳು ನಿಲ್ಲಿಸುವಷ್ಟು ಬಾಯಿ ತೆರೆಯುತ್ತದೆಯೇ ಎಂದು ನೋಡಲು ಹೆಚ್ಚು ಹೊತ್ತು ಬೇಡ. ಕವಳ, ಅಂದರೆ ಎಲೆಯಡಿಕೆ, ಹಾಕುವವರು ತಾವಾಗಿಯೇ ಬಾಯಿ ತೋರಿಸಲು ಮುಂದೆ ಬರುವುದು ಇಂಥ ಕಡೆಯಲ್ಲಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಶಿಬಿರದ ಮರುದಿನಕ್ಕೆ. ಗರ್ಭಕೋಶದ ಕೊರಳಿನ ಪರೀಕ್ಷೆಯಲ್ಲಿ ಬಿಳಿ ಕಲೆ ಕಂಡಿತೆಂದರೆ ಕ್ಯಾನ್ಸರ್ ಎಂದಲ್ಲ. ಆರೋಗ್ಯವಂತ ಮಹಿಳೆಯರಲ್ಲಿ ಗರ್ಭಕೋಶದ ಕೊರಳಿನ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ ಎಂಬುದನ್ನು ಕಲೆ ಕಂಡ ಮಹಿಳೆಗೆ ಕೂರಿಸಿ ಹೇಳಬೇಕು. ‘ಶಿವಮೊಗ್ಗಕ್ಕೆ ಹೋಗಿ ತೋರಿಸಿ’ ಎಂದು ಚೀಟಿ ಕೊಟ್ಟು ಕಳಿಸಿದರೆ ಅದು ದೇವರ ಪಟದ ಹಿಂದೆ ಸೇರುತ್ತದೆ. ಮೆಗ್ಗಾನ್ ಆಸ್ಪತ್ರೆಗೆ ಕಳಿಸುವುದಾದರೆ ಮುಂದಿನ ಪರೀಕ್ಷೆ ಯಾವ ವಾರ, ಯಾವ ಕೋಣೆಯಲ್ಲಿ ಎಂಬುದನ್ನು ನೀವೇ ಫೋನ್ ಮಾಡಿ ತಿಳಿದು, ಬಿ.ಪಿ.ಎಲ್. ಕಾರ್ಡ್, ಆಧಾರ್ ಜೊತೆಗಿರುವಂತೆ ಹೇಳಿ, ಸಂಘದ ಒಬ್ಬರನ್ನು ಜೊತೆಗೆ ಕಳಿಸಬೇಕು. ಆ ದಿನ ಮನೆಯಲ್ಲಿ ಹಾಲು ಕರೆಯುವವರು ಯಾರು ಎಂದು ಕೇಳುವುದನ್ನೂ ಮರೆಯಬಾರದು. ಏನೂ ತೊಂದರೆಯಿಲ್ಲದವರಿಗೂ ಹಾಗೆಂದು ಬರೆದುಕೊಡಿ. ಫಲಿತಾಂಶ ಸಿಗದವರು ಮುಂದಿನ ಸಲ ಬರುವುದಿಲ್ಲ, ಬರುವವರನ್ನೂ ತಡೆಯುತ್ತಾರೆ. ರಕ್ತಸ್ರಾವ, ಗಂಟು, ವಾಸಿಯಾಗದ ಹುಣ್ಣು ಇರುವವರು ಮಾತ್ರ ಶಿಬಿರಕ್ಕೆ ಕಾಯದೆ ಇಂದೇ ಆಸ್ಪತ್ರೆಗೆ ಹೋಗಬೇಕು.

ಬಾರದವರ ಮನೆಗೆ ವಾರದೊಳಗೆ ಹೋಗಿ, ಬೈಯದೆ, ಕಾರಣ ಕೇಳಿ ಬರೆದಿಡಿ. ಮುಂದಿನ ದಿನಾಂಕವನ್ನು ಆ ಪಟ್ಟಿ ನೋಡಿಯೇ ಗೊತ್ತುಮಾಡಿ.