ನಾಯಿಗಳ ಬೋರ್ಡಿಂಗ್ ಪಟ್ಟಿಯೂ ಗುಟ್ಟಿನದೇ

ಗೋಣಿಕೊಪ್ಪಲು ಕಡೆ ನಂದೊಂದು ಸಣ್ಣ ಪಶುವೈದ್ಯ ಕ್ಲಿನಿಕ್. ಕಂಪ್ಯೂಟರ್ ಭದ್ರತೆಯ ಮಾತೆತ್ತಿದರೆ ಸಹೋದ್ಯೋಗಿಗಳು ನಗುತ್ತಾರೆ. ನಾಯಿಗೆ ಯಾವಾಗ ಜಂತುಹುಳದ ಮಾತ್ರೆ ಕೊಟ್ಟಿರಿ ಅನ್ನೋದು ಯಾವ ಕಳ್ಳನಿಗೆ ಬೇಕು, ಅಂತ. ಮಾತ್ರೆಯ ಲೆಕ್ಕ ಯಾರಿಗೂ ಬೇಡ, ಒಪ್ಪುತ್ತೇನೆ. ಆದರೆ ನಮ್ಮಲ್ಲಿ ನಾಯಿಗಳನ್ನು ಬೋರ್ಡಿಂಗ್‌ಗೆ ಬಿಟ್ಟು ಹೋಗುತ್ತಾರಲ್ಲ, ಆ ಪಟ್ಟಿಯನ್ನು ಒಮ್ಮೆ ಕಳ್ಳನ ಕಣ್ಣಿನಿಂದ ಓದಿ ನೋಡಿ. ಯಾವ ತೋಟದ ಮನೆಯವರು ಯಾವ ತಾರೀಖಿನಿಂದ ಮಗಳ ಮನೆಗೆ ದುಬೈಗೆ ಹೋಗಿದ್ದಾರೆ, ಎಂದು ವಾಪಸ್, ಮನೆ ಎಲ್ಲಿ, ಫೋನ್ ನಂಬರೇನು. ಎಲ್ಲಕ್ಕಿಂತ ಮಿಗಿಲಾಗಿ, ಮನೆ ಕಾಯುವ ನಾಯಿ ಮನೆಯಲ್ಲಿಲ್ಲ. ಕೊಯ್ಲು ಮುಗಿದು ಕಾಫಿ ಮೂಟೆಗಳು ಗೋದಾಮಿನಲ್ಲಿರುವ ತಿಂಗಳುಗಳಲ್ಲಿ ಇಂಥ ಪಟ್ಟಿ ಸ್ಟಾಫ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುವುದು ಬೇಡ ಅನ್ನಿಸಿತು. ಈಗ ಗುಂಪಿಗೆ ಹೋಗುವುದು ನಾಯಿಯ ಹೆಸರು ಮತ್ತು ಗೂಡಿನ ನಂಬರ್ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೂ ನಾಯಿಯ ಜಾತಕ ಬೇಕಿಲ್ಲ. ಅದು ಕಾಯುವುದು ನಾಯಿ ಸಾಕಿದವರ ವಿವರವನ್ನು.

ದುಡ್ಡಿನ ಮೋಸ ಇದಕ್ಕಿಂತ ನೇರವಾಗಿ ಬರುತ್ತದೆ. ಕೌಂಟರಿಗೆ ಫೋನು: ತಾನು ಆರ್ಮಿ ಆಫೀಸರ್, ಪೋಸ್ಟಿಂಗ್ ಆಗಿ ಬರುತ್ತಿದ್ದೇನೆ, ಎರಡು ಲ್ಯಾಬ್ರಡಾರ್‌ಗೆ ಲಸಿಕೆ ಹಾಕಿಸಬೇಕು, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ. ನಂಬಿಕೆಗೆಂದು ಐಡಿ ಕಾರ್ಡಿನ ಫೋಟೊ. ಹಿಂದೆಯೇ ಒಂದು ಕ್ಯೂಆರ್ ಕೋಡ್, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ.' ದೇಶದ ಎಲ್ಲ ಕಡೆ ನಡೆಯುವ ಮೋಸವೇ ಇದು, ಆದರೆ ಕೊಡಗಿನಲ್ಲಿ ಫೌಜಿ ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಮನೆಗೊಬ್ಬರು ಸೇನೆಯಲ್ಲಿದ್ದವರೇ. ನಮ್ಮ ಕಂಪೌಂಡರ್ ಕೂಡ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್‌ನಿಂದ ರಿಟೈರ್ ಆಗಿ ಬಂದವರು. ಫೋಟೊ ನೋಡಿದವರೇ, "ಡಾಕ್ಟ್ರೇ, ನಿಜವಾದ ಫೌಜಿ ಗೊತ್ತಿಲ್ಲದವರಿಗೆ ಐಡಿ ಕಾರ್ಡ್ ಫೋಟೊ ಕಳಿಸ್ತಾನಾ?" ಅಂದರು. ಆಮೇಲೆ ಕೌಂಟರಿನಲ್ಲಿ ಒಂದೇ ನಿಯಮ ಬರೆದು ಅಂಟಿಸಿದೆವು: ದುಡ್ಡು ಬರಬೇಕಾದರೆ ಯುಪಿಐ ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ. ಕೆಳಗೆ 1930, ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಫೋನ್ ಮಾಡಬೇಕು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿ ಕೈಗೆ ಸಿಗುವುದಿಲ್ಲ.

ವಾಟ್ಸಾಪ್ ನಮಗೆ ಅರ್ಧ ಕ್ಲಿನಿಕ್ ಇದ್ದ ಹಾಗೆ. ಉಣ್ಣಿ ಕಚ್ಚಿದ ಕಿವಿ, ಹಸುವಿನ ಕೆಚ್ಚಲು, ರಾತ್ರಿ ಹಂದಿ ಸೀಳಿದ ಬೇಟೆನಾಯಿ, ಎಲ್ಲ ಫೋಟೊಗಳೂ ಅಲ್ಲೇ. ಹಾಗಾಗಿ ಆ ನಂಬರ್ ಕೈತಪ್ಪಿದರೆ ಊರಿಗೆ ಊರೇ ನನ್ನ ಹೆಸರಿನಲ್ಲಿ ಮೋಸ ಹೋಗಬಹುದು. ಬೇರೆ ಫೋನಿನಲ್ಲಿ ಆ ನಂಬರಿನ ವಾಟ್ಸಾಪ್ ತೆರೆಯಲು ಹೋದರೆ ಕೇಳುವಂತೆ, ಎರಡು ಹಂತದ ಪರಿಶೀಲನೆ ಹಾಕಿ ಆರಂಕಿಯ ಪಿನ್ ಇಟ್ಟೆವು. ಲಿಂಕ್ ಆದ ಸಾಧನಗಳ, ಅಂದರೆ ನಮ್ಮ ವಾಟ್ಸಾಪ್ ತೆರೆದುಕೊಳ್ಳುವ ಬೇರೆ ಕಂಪ್ಯೂಟರುಗಳ ಪಟ್ಟಿ ತೆಗೆದು ನೋಡಿದರೆ, ಕೆಲಸ ಬಿಟ್ಟು ಮೈಸೂರಿಗೆ ಹೋದ ಹುಡುಗಿಯ ಲ್ಯಾಪ್‌ಟಾಪ್ ಇನ್ನೂ ಅಲ್ಲೇ ಕೂತಿತ್ತು. ಅವಳದ್ದೇನೂ ದುರುದ್ದೇಶವಿಲ್ಲ, ಆದರೆ ಬಾಗಿಲು ತೆರೆದೇ ಇತ್ತು. ಇನ್ನು ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಎಂದು ಬರುವ ಎಪಿಕೆ ಫೈಲುಗಳು. ಅದು ಕಾಗದವೂ ಅಲ್ಲ, ಫೋಟೊವೂ ಅಲ್ಲ, ಫೋನಿಗೆ ಇಳಿಯುವ ಆ್ಯಪ್. ಇಳಿದರೆ ಓಟಿಪಿ ಬರುವ ಮೆಸೇಜುಗಳನ್ನೂ ಓದುತ್ತದೆ. ಪರಿಚಯದ ನಂಬರಿನಿಂದ ಬಂದರೂ ಮುಟ್ಟದೆ, ಮೊದಲು ಅವರಿಗೆ ಫೋನ್ ಮಾಡಿ ಕೇಳುವುದು ಎಂದು ತೀರ್ಮಾನವಾಯಿತು.

ಪಾಸ್‌ವರ್ಡ್ ವಿಷಯದಲ್ಲಿ ನನ್ನದು ಸ್ವಲ್ಪ ಹಳೇ ಕಾಲದ ಅಭಿಪ್ರಾಯ. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಬೇರೆ ಬೇರೆ ಇಟ್ಟು ಪುಸ್ತಕದಲ್ಲಿ ಬರೆದಿಡುವುದು ವಾಸಿ. ಪುಸ್ತಕ ಮಾನಿಟರಿನ ಬುಡದಲ್ಲಿರಬಾರದು, ಅಷ್ಟೇ. ಅರಿವಳಿಕೆಗೆ ಬಳಸುವ ಕೆಟಮಿನ್ ಶೆಡ್ಯೂಲ್ ಎಕ್ಸ್, ಅಂದರೆ ಕಾನೂನಿನ ಬಿಗಿ ನಿಯಂತ್ರಣದ ಔಷಧಿ, ಅದಕ್ಕೆ ಹೇಗೂ ಬೀಗದ ಕಪಾಟು, ರಿಜಿಸ್ಟರ್ ಎಲ್ಲ ಇದೆ. ಪಾಸ್‌ವರ್ಡ್ ಪುಸ್ತಕವೂ ಅಲ್ಲೇ ಸೇರಿತು. ಕೌಂಟರಿನ ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು, ಸಾಫ್ಟ್‌ವೇರ್ ಹಾಕುವ ಅಧಿಕಾರವನ್ನು ಆ ಲಾಗಿನ್‌ಗಳಿಂದ ತೆಗೆದೆ. ದುಬಾರಿ ಆಂಟಿವೈರಸ್ ಕೊಳ್ಳಲಿಲ್ಲ. ನಮ್ಮಂಥ ಕ್ಲಿನಿಕ್ಕಿಗೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು, ಅಪ್‌ಡೇಟ್ ನಿಲ್ಲಿಸದಿದ್ದರೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದವರು ದೂರದಿಂದಲೇ ರಿಪೇರಿ ಮಾಡಲೆಂದು ಒಂದು ಆ್ಯಪ್ ಹಾಕಿ ಹೋಗಿದ್ದರು. ಹಗಲು ರಾತ್ರಿ ಚಾಲೂ, ಮೇಲೆ ಬದಲಾಗದ ಒಂದೇ ಪಾಸ್‌ವರ್ಡ್. ಅದನ್ನು ಕಿತ್ತೆ. ಈಗ ನಾವೇ ಫೋನ್ ಮಾಡಿ ಕರೆದಾಗ ಮಾತ್ರ ಒಳಗೆ ಬರುತ್ತಾರೆ, ಕೆಲಸ ಮುಗಿಯುವ ತನಕ ಒಬ್ಬರು ಪರದೆ ನೋಡುತ್ತ ಕೂರುತ್ತಾರೆ.

ಬ್ಯಾಕಪ್ಪಿಗೆ ಹೆಚ್ಚು ತಲೆ ಕೆಡಿಸಿಕೊಂಡೆ. 2019ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಷನಲ್ ವೆಟರ್ನರಿ ಅಸೋಸಿಯೇಟ್ಸ್‌ಗೆ ಸೇರಿದ ಸುಮಾರು 400 ಪ್ರಾಣಿ ಆಸ್ಪತ್ರೆಗಳಿಗೆ ರ್‍ಯೂಕ್ ಎಂಬ ರ್‍ಯಾನ್ಸಮ್‌ವೇರ್ ಬಡಿದಿತ್ತು. ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳುವುದು ಅದರ ಕೆಲಸ. ಸದಾ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕಿಗೂ ಅದೇ ಬೀಗ ಬೀಳುತ್ತದೆ. ಕ್ಲೌಡಿಗೆ ತಾನಾಗಿ ಏರುವ ಫೋಲ್ಡರಿನಲ್ಲೂ ಒಳ್ಳೆಯ ಕಡತದ ಜಾಗಕ್ಕೆ ಬೀಗ ಬಿದ್ದದ್ದೇ ಹೋಗಿ ಕೂರಬಹುದು, ಹಳೆಯ ಪ್ರತಿಗಳನ್ನು ಉಳಿಸಿಡುವ ಸೌಲಭ್ಯ ಇಲ್ಲದಿದ್ದರೆ. ಮೇಲಾಗಿ ಮುಂಗಾರು ಹಿಡಿದು ಮರ ಲೈನಿನ ಮೇಲೆ ಬಿದ್ದರೆ ಇಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ, ಕ್ಲೌಡ್ ಎಂದರೆ ಬ್ರಹ್ಮಗಿರಿ ಮೇಲಿನ ಮೋಡ ಮಾತ್ರ. ಹಾಗಾಗಿ ಎರಡು ಹಾರ್ಡ್‌ಡಿಸ್ಕ್ ತಂದೆ. ವಾರಕ್ಕೊಂದು ಸರದಿ. ಬ್ಯಾಕಪ್ ಮುಗಿದ ಕೂಡಲೇ ಕಿತ್ತು, ಒಂದು ಕಂಪೌಂಡರ್ ಮನೆಗೆ, ಇನ್ನೊಂದು ನನ್ನ ಮನೆಗೆ. ಮಳೆಗಾಲದ ಶೀತಕ್ಕೆ ಇಲ್ಲಿ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು, ಡಿಸ್ಕಿನ ಜೊತೆ ಬಿಗಿಮುಚ್ಚಳದ ಡಬ್ಬಿಗೆ ಹಾಕುತ್ತೇವೆ. ಆಗಾಗ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕಿನಿಂದ ಒಂದು ನಾಯಿಯ ದಾಖಲೆ ತೆಗೆದು ನೋಡುವುದೂ ಉಂಟು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಇದರ ಜೊತೆ ಶನಿವಾರ ಸಂಜೆ ರೇಬೀಸ್ ಲಸಿಕೆಯ ದಿನಾಂಕಗಳು ಕಾಗದಕ್ಕೆ ಇಳಿಯುತ್ತವೆ. ಇದು ಮೊದಲಿನಿಂದಲೂ ಇದ್ದ ಪದ್ಧತಿ, ಕರೆಂಟ್ ಹೋದಾಗ ಬೇಕೆಂದು. ಸಾಕಿದ ನಾಯಿಯೇ ಮಗುವಿಗೆ ಕಚ್ಚಿದೆ, ಲಸಿಕೆ ಯಾವಾಗ ಹಾಕಿಸಿದ್ದು ಎಂದು ರಾತ್ರಿ ಫೋನ್ ಬಂದರೆ ನೆಟ್ ಬರಲಿ ಎಂದು ಕಾಯುವಂತಿಲ್ಲ. ಕಂಪ್ಯೂಟರಿಗೆ ಬೀಗ ಬಿದ್ದರೆ ಮಾಡಬೇಕಾದ ಕೆಲಸವೂ ಹೆಚ್ಚುಕಡಿಮೆ ಇದೇ: ನೆಟ್ ಕೇಬಲ್ ಕಿತ್ತು, ವೈಫೈ ಆರಿಸಿ, ಕಾಗದದ ಮೇಲೆ ಕ್ಲಿನಿಕ್ ನಡೆಸುವುದು. ಮಳೆಗಾಲದ ಅಭ್ಯಾಸ ಇರುವುದರಿಂದ ನಮ್ಮವರಿಗೆ ಇದನ್ನು ಬೇರೆಯಾಗಿ ಕಲಿಸಬೇಕಾಗಲಿಲ್ಲ.

ಬಗೆಹರಿಯದೆ ಉಳಿದದ್ದು ಡಿಜಿಟಲ್ ಎಕ್ಸ್‌ರೇ. ಅದರ ಕಂಪ್ಯೂಟರ್ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2020ರ ಜನವರಿಯಲ್ಲಿ. ಹೊಸ ವಿಂಡೋಸ್ ಹಾಕಿದರೆ ಎಕ್ಸ್‌ರೇ ಸಾಫ್ಟ್‌ವೇರ್ ಓಡುವುದಿಲ್ಲವಂತೆ. ಅದನ್ನು ನೆಟ್‌ನಿಂದ ಪೂರ್ತಿ ಬಿಡಿಸಿ, ಚಿತ್ರ ಸಾಗಿಸಲು ಕೆಂಪು ಟೇಪ್ ಸುತ್ತಿದ ಒಂದೇ ಪೆನ್‌ಡ್ರೈವ್ ಇಟ್ಟಿದ್ದೇವೆ. ಬೇರೆ ಯಾವ ಪೆನ್‌ಡ್ರೈವೂ ಅದಕ್ಕೆ ತಾಗಬಾರದು. ದಾರಿ ಏನೆಂದು ಮಷಿನ್ ಮಾರಿದವರನ್ನು ಕೇಳಿದೆ. ಹೊಸ ಮಷಿನ್ನಿನ ಕೊಟೇಶನ್ ಕಳಿಸಿದ್ದಾರೆ. ಆ ಮೊತ್ತ ನೋಡಿ ಕಂಪೌಂಡರ್ ಇನ್ನೊಂದು ಸುತ್ತು ಕೆಂಪು ಟೇಪ್ ಸುತ್ತಿದರು.