ಎಲ್ಲ ಸರಿಯಾಗಿದ್ದಾಗಲೇ ಎದೆ ಡವಡವ

ನನಗೆ ಜನರಲೈಸ್ಡ್ ಆಂಗ್ಸೈಟಿ ಇದೆ. ಮಗಳ ಸ್ಕೂಲ್ ವ್ಯಾನ್, ಅಪ್ಪನ ಬಿಪಿ, ಗ್ಯಾಸ್ ಆಫ್ ಮಾಡಿದ್ನಾ ಇಲ್ವಾ... ಒಂದು ಚಿಂತೆ ಮುಗಿದರೆ ಇನ್ನೊಂದು ತಯಾರು. ಹೀಗೆ 6 ತಿಂಗಳಾದರೂ ಬಿಡದೆ ಕಾಡಿ, ಜೊತೆಗೆ ನಿದ್ದೆಗೆಟ್ಟು, ಕತ್ತು ಭುಜ ಬಿಗಿದು, ಸದಾ ಸುಸ್ತಾಗುತ್ತಿದ್ದರೆ ಡಾಕ್ಟರು ಈ ಹೆಸರು ಹೇಳುತ್ತಾರೆ. ಮಾತ್ರೆ ತಗೊಂಡೆ, ಕೌನ್ಸೆಲಿಂಗ್‌ಗೂ ಹೋದೆ.

ವಿಚಿತ್ರ ಏನಂದರೆ, ಖುಷಿಯಾಗಿದ್ದಾಗಲೇ ಭಯ ಜಾಸ್ತಿ. 'ಅಷ್ಟೊಂದು ನಗಬೇಡ್ರೇ, ಆಮೇಲೆ ಅಳಬೇಕಾಗುತ್ತೆ' ಅಂತ ಅಜ್ಜಿ ಗದರುತ್ತಿದ್ದರು. ನನ್ನ ತಲೆಯೂ ಅದೇ ಲೆಕ್ಕ ಹಾಕುತ್ತಿತ್ತು. ಮೊದಲೇ ಚಿಂತೆ ಮಾಡುತ್ತಾ ಕೂತರೆ, ಖುಷಿಯ ಎತ್ತರದಿಂದ ಧೊಪ್ಪನೆ ಬೀಳೋದು ತಪ್ಪುತ್ತಲ್ಲ! ಅಮೆರಿಕದ ಮನಶ್ಶಾಸ್ತ್ರಜ್ಞೆ ಮಿಷೆಲ್ ನ್ಯೂಮನ್ ಮತ್ತು ಜೊತೆಗಾರರು 2011ರಲ್ಲಿ ಹೆಚ್ಚುಕಡಿಮೆ ಇದನ್ನೇ ಬರೆದಿದ್ದಾರೆ. ಅಜ್ಜಿ ಮೊದಲೇ ಹೇಳಿದ್ದರು, ಅಷ್ಟೇ.

ಕೌನ್ಸೆಲರ್ ಒಂದು ನೋಟ್‌ಬುಕ್ ಇಡಿಸಿದರು. ಎಡಕ್ಕೆ ಚಿಂತೆ, ಬಲಕ್ಕೆ ಆಮೇಲೆ ಆಗಿದ್ದೇನು ಅಂತ. 'ಏನೋ ಕೆಟ್ಟದ್ದಾಗುತ್ತೆ' ಅಂತ ಸುಮ್ನೆ ಬರೆಯುವಂತಿಲ್ಲ, ಏನು ಅಂತ ಬಿಡಿಸಿ ಬರೆಯಬೇಕು. ಒಂದು ಪುಟದಲ್ಲಿ ಹೀಗಿದೆ: 'ವ್ಯಾನ್ ಲೇಟು. ಆಕ್ಸಿಡೆಂಟ್ ಆಗಿದೆ.' ಎದುರಿಗೆ: 'ರೈಲ್ವೆ ಗೇಟ್ ಹಾಕಿತ್ತು. ಬಂದವಳೇ ಚಕ್ಕುಲಿ ಕೇಳಿದಳು.' ನ್ಯೂಮನ್ ಅವರ ತಂಡ ಈ ಕಾಯಿಲೆ ಇದ್ದ 29 ಜನರಿಂದ ಹೀಗೇ ಬರೆಸಿ 2020ರಲ್ಲಿ ಪ್ರಕಟಿಸಿತು. ನೂರಕ್ಕೆ ಸುಮಾರು 91 ಚಿಂತೆ ನಿಜವಾಗಲೇ ಇಲ್ಲ.

ನಿಜವಾದವೂ ಇವೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾಯ್ತು. ವರ್ಷಗಟ್ಟಲೆ ಮುಂಚಿತವಾಗಿ ಹೆದರಿಟ್ಟಿದ್ದೆನಲ್ಲ, ಅದರಿಂದ ಅವತ್ತಿನ ಹೆದರಿಕೆ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ನನ್ನ ಲೆಕ್ಕ ಬುಡಮೇಲಾಗಿದ್ದು ಅಲ್ಲೇ. ಖುಷಿಯನ್ನು ಬಿಟ್ಟುಕೊಟ್ಟು ನಾನು ಏನನ್ನೂ ಉಳಿಸಿಕೊಂಡಿರಲಿಲ್ಲ.

ಹಾಗಾಗಿ ಈಗ ಖುಷಿಯ ಹತ್ತಿರ ಅರ್ಧ ನಿಮಿಷ ಜಾಸ್ತಿ ನಿಲ್ಲುತ್ತೇನೆ. ದೋಸೆಯ ಅಂಚು ಗರಿಗರಿಯಾಗಿ ಕಾವಲಿಯಿಂದ ತಾನೇ ಮೇಲೇಳುತ್ತೆ ನೋಡಿ, ಅದನ್ನು ನೋಡುತ್ತಾ, ಘಮ ಎಳೆದುಕೊಳ್ಳುತ್ತಾ. ಮನಸ್ಸು 'ಆದ್ರೆ...' ಅಂತ ಶುರು ಮಾಡುತ್ತೆ. 'ಇರು, ಆಮೇಲೆ ಬರ್ಕೋತೀನಿ' ಅಂದು ಮತ್ತೆ ದೋಸೆಗೆ ಬರುತ್ತೇನೆ. 'ಸೀಯ್ತಾ ಇದೆ ಕಣೇ' ಅಂತ ನಮ್ಮವರು ಕೂಗಿದ್ದೂ ಉಂಟು. ಮೊದಮೊದಲು ಇದು ಚಿಂತೆಗಿಂತ ಕಷ್ಟ, ಕೈಯೆಲ್ಲ ಬೆವರುತ್ತಿತ್ತು. ದಿನಾ ಮಾಡಿದ ಮೇಲೇ ಹಿಡಿತಕ್ಕೆ ಬಂದಿದ್ದು.

ರಾತ್ರಿ ಹೊತ್ತು ಫೋನ್ ರಿಂಗಾದರೆ ಮಾತ್ರ ಈ ಯಾವ ವಿದ್ಯೆಯೂ ನಡೆಯುವುದಿಲ್ಲ. ಕೌನ್ಸೆಲರ್ ಹತ್ತಿರದಲ್ಲಿ ಸಿಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡೂ ಇಲ್ಲ.