ಟರ್ಬೊ ಇಲ್ಲದ ಎಂಜಿನ್ ಗಾಳಿ ಎಳೆದುಕೊಳ್ಳುವುದು ಹೇಗೆ, ಅದರ ಉಸಿರು ಎಲ್ಲಿ ಕಟ್ಟಿದೆ ಅಂತ ಅಳೆದು ನೋಡುವುದು ಹೇಗೆ

ಪಿಕಪ್ ಕಡಿಮೆ ಆಯ್ತು ಅನ್ನಿಸಿದ ತಕ್ಷಣ ತುಂಬಾ ಜನ ಮಾಡುವ ಮೊದಲ ಕೆಲಸ ದುಬಾರಿ ಏರ್ ಫಿಲ್ಟರ್ ಹಾಕಿಸುವುದು. ಶಬ್ದ ಜಾಸ್ತಿ ಆಗುತ್ತದೆ, ಗಾಡಿ ಓಡಿದ ಹಾಗೆ ಅನ್ನಿಸುತ್ತದೆ, ಆದರೆ ಗಾಳಿ ನಿಜಕ್ಕೂ ಜಾಸ್ತಿ ಒಳಗೆ ಹೋಯಿತಾ ಅಂತ ಯಾರೂ ನೋಡುವುದಿಲ್ಲ. ನೋಡಬಹುದು. ಗಾಡಿಯ ಕಂಪ್ಯೂಟರ್‌ನಿಂದ ಸೆನ್ಸರ್ ನಂಬರ್‌ಗಳನ್ನು ಓದುವ ಒಂದು ಸಣ್ಣ ಒಬಿಡಿ ಸ್ಕ್ಯಾನರ್, ಒಂದು ಫೋನ್ ಇದ್ದರೆ ಸಾಕು. ಮೊದಲು ಗಾಳಿ ಒಳಗೆ ಹೇಗೆ ಬರುತ್ತದೆ ಅನ್ನುವುದು ತಲೆಯಲ್ಲಿ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸ್ಕ್ಯಾನರ್ ತೋರಿಸುವ ನಂಬರಿಗೆ ಅರ್ಥವೇ ಇರುವುದಿಲ್ಲ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್‌ಗೆ ಗಾಳಿ ತುಂಬುವುದು ನಮ್ಮ ಸುತ್ತಲಿನ ವಾತಾವರಣದ ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಸುಮಾರು 101 ಕಿಲೋಪಾಸ್ಕಲ್. ಪಿಸ್ಟನ್ ಕೆಳಗೆ ಇಳಿದಾಗ ಸಿಲಿಂಡರ್ ಒಳಗೆ ಜಾಗ ದೊಡ್ಡದಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನುಗ್ಗುತ್ತದೆ. ಪಿಸ್ಟನ್ ಜಾಗ ಮಾಡಿಕೊಡುತ್ತದೆ, ಅಷ್ಟೇ. ಅಂದರೆ ನಿಮ್ಮ ಕೈಯಲ್ಲಿರುವ ಬಂಡವಾಳ ಹೊರಗಿನ ಒತ್ತಡ ಮಾತ್ರ. ಫಿಲ್ಟರ್, ಪೈಪು, ಥ್ರಾಟಲ್ ಯಾವುದನ್ನು ಬದಲಾಯಿಸಿದರೂ ಅದಕ್ಕೆ ಏನನ್ನೂ ಸೇರಿಸಲು ಆಗುವುದಿಲ್ಲ, ದಾರಿಯಲ್ಲಿ ಸೋರಿಹೋಗುವುದನ್ನು ಕಡಿಮೆ ಮಾಡಬಹುದು.

ಇದನ್ನು ಕೈಯಲ್ಲೇ ನೋಡಬೇಕಾದರೆ ಸೂಜಿ ಇಲ್ಲದ ಒಂದು ಸಿರಿಂಜ್ ತೆಗೆದುಕೊಳ್ಳಿ. ಹಿಡಿಯನ್ನು ನಿಧಾನಕ್ಕೆ ಎಳೆದರೆ ಗಾಳಿ ಸಲೀಸಾಗಿ ಬರುತ್ತದೆ. ತುದಿಯನ್ನು ಬೆರಳಿನಿಂದ ಅರ್ಧ ಮುಚ್ಚಿ ಜೋರಾಗಿ ಎಳೆದು ನೋಡಿ, ಹಿಡಿ ಭಾರ ಆಗುತ್ತದೆ. ಆ ಬೆರಳೇ ಪೆಟ್ರೋಲ್ ಎಂಜಿನ್‌ನ ಥ್ರಾಟಲ್ ಬಟರ್‌ಫ್ಲೈ. ಅಂದರೆ ಗಾಳಿಯ ದಾರಿಯಲ್ಲಿ ಕೂತ, ಆಕ್ಸಿಲರೇಟರ್ ಒತ್ತಿದಂತೆ ತೆರೆಯುವ ತಟ್ಟೆ. ಕೈಗೆ ಸಿಕ್ಕಿದ ಆ ಭಾರವನ್ನು ಎಂಜಿನ್ ತನ್ನದೇ ಶಕ್ತಿ ಖರ್ಚು ಮಾಡಿ ಎಳೆಯಬೇಕು. ಐಡ್ಲಿಂಗ್‌ನಲ್ಲಿ ಬಟರ್‌ಫ್ಲೈ ಹೆಚ್ಚುಕಡಿಮೆ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ (ಬಟರ್‌ಫ್ಲೈ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಪೈಪು) ಒಳಗೆ 30ರಿಂದ 40 ಕಿಲೋಪಾಸ್ಕಲ್ ಮಾತ್ರ ಇರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಹೊರಗಿನ ಒತ್ತಡದ ಹತ್ತಿರ ಹತ್ತಿರ ಬರಬೇಕು. ಎಷ್ಟು ಹತ್ತಿರ ಬರುತ್ತದೆ ಅನ್ನುವುದೇ ನಾವು ಅಳೆಯಬೇಕಾದ್ದು.

ಗಾಳಿಯ ಪ್ರಮಾಣ ಎಷ್ಟು ಅಂತಲೂ ಒಂದು ಅಂದಾಜು ಇರಲಿ. 1.2 ಲೀಟರ್‌ನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ತುಂಬಿಕೊಳ್ಳುತ್ತದೆ. 6000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ಸೆಕೆಂಡಿಗೆ 60 ಲೀಟರ್. ಆ ವೇಗದಲ್ಲಿ ಪಿಸ್ಟನ್ ಮೇಲಿನಿಂದ ಕೆಳಗೆ ಇಳಿಯಲು ಸಿಗುವ ಸಮಯ ಒಂದು ಸೆಕೆಂಡಿನ 200ರಲ್ಲಿ ಒಂದು ಭಾಗ. ಇಷ್ಟು ಗಡಿಬಿಡಿಯಲ್ಲಿ ಸಿಲಿಂಡರ್ ಪೂರ್ತಿ ತುಂಬುವುದು ಕಷ್ಟ. ಮಾಮೂಲಿ ಎಂಜಿನ್‌ಗಳು ಪೂರ್ತಿ ಥ್ರಾಟಲ್‌ನಲ್ಲೂ 80ರಿಂದ 90 ಶೇಕಡಾ ತುಂಬುತ್ತವೆ. ಇದನ್ನೇ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ ಅನ್ನುತ್ತಾರೆ.

ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಮುಂದಿನದು. ಯಾವ ಪಂಪೂ ಇಲ್ಲದೆ ಕೆಲವು ಎಂಜಿನ್‌ಗಳು ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ 100 ಶೇಕಡಾ ದಾಟುತ್ತವೆ. ಹೇಗೆ? ಓಡುತ್ತಿರುವ ಗಾಳಿಗೂ ತೂಕ ಇದೆ, ಲೀಟರಿಗೆ ಸುಮಾರು 1.2 ಗ್ರಾಂ. ಒಮ್ಮೆ ಓಡಲು ಶುರುವಾದ ಮೇಲೆ ಅದು ತಕ್ಷಣ ನಿಲ್ಲುವುದಿಲ್ಲ. ಅದಕ್ಕೇ ಪಿಸ್ಟನ್ ಕೆಳಗೆ ಮುಟ್ಟಿ ಮತ್ತೆ ಮೇಲೆ ಹೊರಟ ಮೇಲೂ, ಇನ್ನೂ 40ರಿಂದ 60 ಡಿಗ್ರಿ ಕ್ರ್ಯಾಂಕ್ ತಿರುಗುವ ತನಕ ಇನ್‌ಟೇಕ್ ವಾಲ್ವ್ ತೆರೆದೇ ಇರುತ್ತದೆ. ಪೈಪಿನಲ್ಲಿ ಓಡಿ ಬಂದ ಗಾಳಿ ತನ್ನ ವೇಗಕ್ಕೇ ಒಳಗೆ ತುರುಕಿಕೊಳ್ಳುತ್ತದೆ. ಜೊತೆಗೆ ವಾಲ್ವ್ ತೆರೆದಾಗ ಕಡಿಮೆ ಒತ್ತಡದ ಒಂದು ಅಲೆ ಪೈಪಿನಲ್ಲಿ ಶಬ್ದದ ವೇಗದಲ್ಲಿ ಹಿಂದಕ್ಕೆ ಓಡಿ, ತೆರೆದ ತುದಿಗೆ ತಗಲಿ, ಹೆಚ್ಚು ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ವಾಲ್ವ್ ಮುಚ್ಚುವ ಸ್ವಲ್ಪ ಮೊದಲು ಅದು ಬಂದು ಮುಟ್ಟಿದರೆ ಪುಕ್ಕಟೆಯಾಗಿ ಇನ್ನಷ್ಟು ಗಾಳಿ ಒಳಗೆ. ಪೈಪ್ ಉದ್ದ ಇದ್ದರೆ ಈ ಹೊಂದಾಣಿಕೆ ಕಡಿಮೆ ಆರ್‌ಪಿಎಂನಲ್ಲಿ ಕೂಡಿಬರುತ್ತದೆ, ಗಿಡ್ಡ ಇದ್ದರೆ ಜಾಸ್ತಿ ಆರ್‌ಪಿಎಂನಲ್ಲಿ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿ ಕಾರಿನ ರೋಟರಿ ಎಂಜಿನ್‌ಗೆ ಟರ್ಬೊ ಇರಲಿಲ್ಲ, ಅದರ ಇನ್‌ಟೇಕ್ ಪೈಪುಗಳ ಉದ್ದ ಓಡುತ್ತಿರುವಾಗಲೇ ಆರ್‌ಪಿಎಂಗೆ ತಕ್ಕಂತೆ ಬದಲಾಗುತ್ತಿತ್ತು. ಹೋಂಡಾ 1989ರಲ್ಲಿ ವಿಟೆಕ್ ತಂದಾಗ ವಾಲ್ವ್ ಎಷ್ಟು ಹೊತ್ತು, ಎಷ್ಟು ಎತ್ತರಕ್ಕೆ ತೆರೆಯಬೇಕು ಅನ್ನುವುದನ್ನೇ ಬದಲಾಯಿಸಿ 1.6 ಲೀಟರ್‌ನಿಂದ 160 ಅಶ್ವಶಕ್ತಿ ತೆಗೆಯಿತು.

ಸೈಲೆನ್ಸರ್ ಕಡೆಯೂ ಇದೇ ಆಟ ನಡೆಯುತ್ತದೆ. ಹೊರಗೆ ಹೋಗುವ ಹೊಗೆ ತನ್ನ ಹಿಂದೆ ಒತ್ತಡ ಕಡಿಮೆ ಮಾಡಿ ಹೊಸ ಗಾಳಿಯನ್ನು ಎಳೆಯಲು ನೆರವಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿ ಮಾಡಿದ ಮ್ಯಾನಿಫೋಲ್ಡ್ ಅನ್ನು ಮನೆಯಲ್ಲಿ ಕೊರೆಯಲು, ಕತ್ತರಿಸಲು ಹೋಗಬೇಡಿ. ನಮ್ಮ ಕೆಲಸ ಅದರ ಮುಂದಿನ ದಾರಿ ತೆರವು ಮಾಡುವುದು.

ಈಗ ಅಳತೆ. ಸ್ಕ್ಯಾನರ್ ಹಾಕಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಸೆನ್ಸರ್, ಅದರ ರೀಡಿಂಗ್ ನೋಡಿ. ಎಂಜಿನ್ ನಿಂತಿರುವುದರಿಂದ ಅದು ತೋರಿಸುವುದು ಹೊರಗಿನ ಒತ್ತಡವನ್ನೇ. ಸಮುದ್ರ ಮಟ್ಟದಲ್ಲಿ 100ರ ಆಸುಪಾಸು, 1000 ಮೀಟರ್ ಎತ್ತರದಲ್ಲಿ 90, 2000 ಮೀಟರ್‌ನಲ್ಲಿ 80ರ ಹತ್ತಿರ ಇರುತ್ತದೆ. ಬರೆದಿಟ್ಟುಕೊಳ್ಳಿ. ಇದೇ ನಿಮ್ಮ ಮಿತಿ. ಎತ್ತರದ ಜಾಗದಲ್ಲಿ ಗಾಡಿ ಸೋಮಾರಿ ಆಗುವುದು ದೋಷ ಅಲ್ಲ, ಅಲ್ಲಿ ಹೊರಗಿನ ಒತ್ತಡವೇ ಕಡಿಮೆ. ಗೇರ್ ಇಳಿಸಿ ಓಡಿಸುವುದು ಬಿಟ್ಟು ಬೇರೆ ಉಪಾಯ ಇಲ್ಲ.

ಆಮೇಲೆ ಎಂಜಿನ್ ಬಿಸಿ ಮಾಡಿ. ಖಾಲಿ, ನೇರವಾದ, ಸುರಕ್ಷಿತ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಮೇಲಕ್ಕೆ ಹೋಗಲು ಬಿಡಿ. ಫೋನ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದ್ದು, ಇಲ್ಲದಿದ್ದರೆ ಆಪ್‌ನಲ್ಲಿ ರೆಕಾರ್ಡ್ ಮಾಡಿ ನಿಲ್ಲಿಸಿದ ಮೇಲೆ ನೋಡಿ. ಮೇಲಿನ ಆರ್‌ಪಿಎಂನಲ್ಲಿ ಮ್ಯಾಪ್ ಎಷ್ಟು ಬಂತು? ಕೀ ಆನ್ ಮಾಡಿದಾಗ 98 ಇದ್ದು ಈಗ 95 ಬಂದರೆ ದಾರಿ ಚೆನ್ನಾಗಿದೆ. ಎರಡರಿಂದ ಐದರ ತನಕ ವ್ಯತ್ಯಾಸ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತರ ಹತ್ತಿರ ಹೋದರೆ ಗಾಳಿ ಒಳಗೆ ಬರುವ ಬಾಯಿಯಿಂದ ಬಟರ್‌ಫ್ಲೈ ತನಕ ಎಲ್ಲೋ ಅಡ್ಡಿ ಇದೆ, ಹುಡುಕಿ.

ಕೆಲವು ಗಾಡಿಗಳಲ್ಲಿ ಮ್ಯಾಪ್ ಬದಲು ಮಾಫ್ ಸೆನ್ಸರ್ ಇರುತ್ತದೆ, ಅದು ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಅಂತ ಹೇಳುತ್ತದೆ. ಮೇಲಿನ 1.2 ಲೀಟರ್ ಎಂಜಿನ್‌ಗೆ 6000 ಆರ್‌ಪಿಎಂನಲ್ಲಿ 60 ಲೀಟರ್ ಅಂದರೆ 72 ಗ್ರಾಂ, 85 ಶೇಕಡಾ ತುಂಬಿದರೆ ಸುಮಾರು 61. ನಿಮ್ಮ ಸಿಸಿಗೆ ಇದೇ ರೀತಿ ಲೆಕ್ಕ ಹಾಕಿ. ಎತ್ತರದ ಜಾಗದಲ್ಲಿದ್ದರೆ ಆ ಪ್ರಮಾಣದಲ್ಲಿ ಕಡಿಮೆ ಮಾಡಿ. ತೀರಾ ಕಡಿಮೆ ಬಂದರೆ ಗಾಳಿಯೇ ಕಡಿಮೆ ಹೋಗುತ್ತಿರಬಹುದು, ಇಲ್ಲವೇ ಸೆನ್ಸರ್ ಕೊಳೆಯಾಗಿರಬಹುದು.

ಒಂದು ಎಚ್ಚರಿಕೆ. ಮ್ಯಾಪ್ ರೀಡಿಂಗ್ ಹೊರಗಿನ ಒತ್ತಡಕ್ಕೆ ಸರಿಸಮ ಬಂದರೂ ಗಾಡಿ ಎಳೆಯುತ್ತಿಲ್ಲ ಅಂದರೆ ಫಿಲ್ಟರ್ ಹಿಂದೆ ಬೀಳಬೇಡಿ. ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೆ ಹಳೇ ಹೊಗೆ ಹೊರಗೆ ಹೋಗುವುದಿಲ್ಲ, ಹೊಸ ಗಾಳಿಗೆ ಜಾಗ ಇರುವುದಿಲ್ಲ, ಗಾಳಿ ಓಡದೇ ಇದ್ದಾಗ ದಾರಿಯಲ್ಲಿ ಒತ್ತಡ ಕಳೆದುಹೋಗುವುದೂ ಇಲ್ಲ. ಹಾಗಾಗಿ ನಂಬರ್ ಚೆನ್ನಾಗಿಯೇ ಕಾಣುತ್ತದೆ. ಇಂಥ ಕಡೆ ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿ, ನಿಂತಲ್ಲೇ 2500 ಆರ್‌ಪಿಎಂ ಹಿಡಿದು ನೋಡಿ. ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಅನುಮಾನ ಸೈಲೆನ್ಸರ್ ಕಡೆ.

ಅಡ್ಡಿ ಇನ್‌ಟೇಕ್ ಕಡೆಯೇ ಅಂತ ಗೊತ್ತಾದರೆ ಹೊರಗಿನಿಂದ ಒಳಗೆ ಬನ್ನಿ. ಗಾಳಿ ಒಳಗೆ ಬರುವ ಬಾಯಿ ಸಾಮಾನ್ಯವಾಗಿ ಗ್ರಿಲ್ ಹಿಂದೆಯೋ ಫೆಂಡರ್ ಒಳಗೋ ಇರುತ್ತದೆ. ಅಲ್ಲಿ ಎಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯಾ ನೋಡಿ. ಆ ಪೈಪ್ ಕಳಚಿಕೊಂಡಿದ್ದರೆ ಎಂಜಿನ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಅಂದುಕೊಳ್ಳಿ. ಬಿಸಿಗೆ ಗಾಳಿ ತೆಳುವಾಗಿ 9 ಶೇಕಡಾ ತೂಕ ಅಲ್ಲೇ ಹೋಯಿತು. ಬಾನೆಟ್ ಒಳಗೆ ಯಾವ ಮರೆಯೂ ಇಲ್ಲದೆ ಕೂರಿಸುವ ಕೋನ್ ಫಿಲ್ಟರ್ ನನಗೆ ಹಿಡಿಸದೇ ಇರುವುದಕ್ಕೆ ಇದೇ ಕಾರಣ. ತಣ್ಣನೆ ಗಾಳಿ ಬೇಕು ಅಂತ ಬಾಯಿಯನ್ನು ಬಂಪರ್ ಕೆಳಗೆ ಇಳಿಸುವುದೂ ಬೇಡ, ನಿಂತ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಫಿಲ್ಟರ್ ತೆಗೆದು ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಅಲ್ಲಲ್ಲಿ ಕಂಡರೆ ಪರವಾಗಿಲ್ಲ, ಏನೂ ಕಾಣದಿದ್ದರೆ ಬದಲಾಯಿಸಿ. ಪೇಪರ್ ಫಿಲ್ಟರ್ ತೊಳೆಯಬೇಡಿ. ಊದುವುದಾದರೆ ಶುದ್ಧ ಗಾಳಿಯ ಕಡೆಯಿಂದ ಕೊಳೆ ಇರುವ ಕಡೆಗೆ, ಕಡಿಮೆ ಪ್ರೆಷರ್‌ನಲ್ಲಿ. ಬಾಕ್ಸ್‌ನ ಒಳಬದಿ, ಅಂದರೆ ಫಿಲ್ಟರ್ ದಾಟಿದ ಮೇಲಿನ ಜಾಗದಲ್ಲಿ ಬೆರಳು ಸವರಿ ನೋಡಿ. ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಥವಾ ಕ್ಲಿಪ್ ಸಡಿಲ ಇದೆ. ಆ ಧೂಳು ಪಿಸ್ಟನ್ ರಿಂಗ್ ಸವೆಸುತ್ತದೆ, ಪರೀಕ್ಷೆಗೆ ಅಂತಲೂ ಫಿಲ್ಟರ್ ಇಲ್ಲದೆ ಓಡಿಸಬೇಡಿ.

ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಏರುತ್ತದೆ ಅನ್ನುವ ಮಾತು ಕಾರ್ಬ್ಯುರೇಟರ್ ಕಾಲದ್ದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಇದನ್ನು ಪರೀಕ್ಷೆ ಮಾಡಿ, ಕಟ್ಟಿದ ಫಿಲ್ಟರ್‌ನಿಂದ ಮೈಲೇಜ್ ಹೇಳಿಕೊಳ್ಳುವಷ್ಟು ಕಡಿಮೆ ಆಗುವುದಿಲ್ಲ, ಪಿಕಪ್ ಮಾತ್ರ ಕಡಿಮೆ ಆಗುತ್ತದೆ ಅಂತ ಕಂಡುಕೊಂಡಿತು. ಯೋಚಿಸಿದರೆ ಸಹಜವೇ. ನಿಧಾನಕ್ಕೆ ಹೋಗುವಾಗ ಬಟರ್‌ಫ್ಲೈಯೇ ಎಲ್ಲಕ್ಕಿಂತ ದೊಡ್ಡ ಅಡ್ಡಿ, ಫಿಲ್ಟರ್ ಸ್ವಲ್ಪ ಕಟ್ಟಿದರೆ ಕಾಲು ತಾನಾಗಿ ಸ್ವಲ್ಪ ಜಾಸ್ತಿ ಒತ್ತುತ್ತದೆ, ಪೆಟ್ರೋಲನ್ನು ಕಂಪ್ಯೂಟರ್ ಒಳಗೆ ಹೋದ ಗಾಳಿಗೆ ತಕ್ಕಷ್ಟೇ ಕೊಡುತ್ತದೆ.

ಥ್ರಾಟಲ್ ಬಾಡಿಯಲ್ಲಿ ಬಟರ್‌ಫ್ಲೈ ಅಂಚಿಗೆ ಕಪ್ಪು ಜಿಡ್ಡು ಕೂರುತ್ತದೆ. ಇದರಿಂದ ಪೂರ್ತಿ ಒತ್ತಿದಾಗಿನ ಶಕ್ತಿಗೆ ಅಷ್ಟು ತೊಂದರೆ ಇಲ್ಲ, ಐಡ್ಲಿಂಗ್ ಹದ ತಪ್ಪುತ್ತದೆ, ಸಿಗ್ನಲ್‌ನಲ್ಲಿ ನಿಲ್ಲಿಸಿದಾಗ ಎಂಜಿನ್ ಆಫ್ ಆಗುತ್ತದೆ. ಎಂಜಿನ್ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು, ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಹಾಕಿಕೊಂಡು ಮೆತ್ತಗೆ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬಟರ್‌ಫ್ಲೈಯನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಕೀ ಆನ್ ಇರುವಾಗ ಬೆರಳು ಹಾಕಲೇಬೇಡಿ. ಒರೆಸಿದ ಮೇಲೆ ಐಡ್ಲಿಂಗ್ ಸ್ವಲ್ಪ ಹೊತ್ತು ಏರುಪೇರು ಆಗಬಹುದು, ಕೆಲವು ಗಾಡಿಗಳಿಗೆ ಸ್ಕ್ಯಾನರ್‌ನಿಂದ ಮರುಕಲಿಕೆ ಮಾಡಿಸಬೇಕಾಗುತ್ತದೆ. ಮಾಫ್ ಸೆನ್ಸರ್‌ಗೆ ಅದಕ್ಕೇ ಅಂತ ಬರುವ ಸ್ಪ್ರೇ ಬಿಟ್ಟು ಬೇರೆ ಏನೂ ಬೇಡ, ಒಳಗಿನ ಸಣ್ಣ ತಂತಿ ಮುಟ್ಟಬಾರದು.

ಇನ್ನೊಂದು ಬಗೆಯ ತೊಂದರೆ ಕಳ್ಳ ಗಾಳಿ. ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಹೋಸ್), ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಮಾಫ್ ಸೆನ್ಸರ್‌ಗೂ ಥ್ರಾಟಲ್‌ಗೂ ನಡುವಿನ ಸುಕ್ಕುಸುಕ್ಕಾದ ರಬ್ಬರ್ ಪೈಪ್, ಇವುಗಳಲ್ಲಿ ಬಿರುಕು ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ. ಮಾಫ್ ಇರುವ ಗಾಡಿಯಲ್ಲಿ ಸ್ಕ್ಯಾನರ್‌ನ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತಿದೆ ಅನ್ನುವುದು. ಐಡ್ಲಿಂಗ್‌ನಲ್ಲಿ ಪ್ಲಸ್ 15, 20 ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಸೋರಿಕೆ ಹೆಚ್ಚುಕಡಿಮೆ ಖಚಿತ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅಂತ ಹೇಳುವ ಪಿ0171 ಕೋಡ್ ಕೂಡ ಬಂದಿರಬಹುದು. ಮ್ಯಾಪ್ ಮಾತ್ರ ಇರುವ ಗಾಡಿಯಲ್ಲಿ ಸಾಮಾನ್ಯವಾಗಿ ಐಡ್ಲಿಂಗ್ ಏರಿರುತ್ತದೆ. ಹುಡುಕಲು ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರ ಇಟ್ಟುಕೊಂಡು, ಹೋಸ್‌ಗಳನ್ನು ಒಂದೊಂದಾಗಿ ಒತ್ತಿ ಹಿಡಿದು ಎಂಜಿನ್ ಸದ್ದು ಬದಲಾಗುತ್ತದಾ ಕೇಳಿ. ಜಾಯಿಂಟುಗಳಿಗೆ ಸೋಪಿನ ನೀರು ಸ್ವಲ್ಪ ಸ್ಪ್ರೇ ಮಾಡಿದರೆ ಸೋರುವ ಕಡೆ ಅದು ಸುಯ್ಯನೆ ಒಳಗೆ ಎಳೆದುಕೊಳ್ಳುತ್ತದೆ. ಪೆಟ್ರೋಲ್, ಕಾರ್ಬ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವವರಿದ್ದಾರೆ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ, ಬೇಡವೇ ಬೇಡ. ಸಿಗದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತದೆ ಅಂತ ನೋಡುವುದು) ಮಾಡಿಸಿ.

ಡೀಸೆಲ್‌ನವರಿಗೆ ಒಂದು ಮಾತು: ಟರ್ಬೊ ಇಲ್ಲದ ಹಳೇ ಡೀಸೆಲ್ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಬಟರ್‌ಫ್ಲೈಯೇ ಇರುವುದಿಲ್ಲ, ಐಡ್ಲಿಂಗ್‌ನಲ್ಲೂ ಗಾಳಿ ಪೂರ್ತಿ ಒಳಗೆ ಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ ಐಡ್ಲಿಂಗ್ ನಂಬರ್ ಅವಕ್ಕೆ ಹೊಂದುವುದಿಲ್ಲ. ಬ್ರೇಕಿಗೆ ಬೇಕಾದ ವ್ಯಾಕ್ಯೂಮ್‌ಗೆ ಅವುಗಳಲ್ಲಿ ಬೇರೆ ಪಂಪ್ ಇರುತ್ತದೆ.

ಒಂದೊಂದು ಕೆಲಸ ಮುಗಿದ ಮೇಲೂ ಅದೇ ರಸ್ತೆ, ಅದೇ ಗೇರಿನಲ್ಲಿ ಮತ್ತೆ ಅಳೆಯಿರಿ, ಹೊರಡುವ ಮೊದಲು ಕೀ ಆನ್ ರೀಡಿಂಗ್ ಹೊಸದಾಗಿ ಬರೆದುಕೊಳ್ಳಿ, ಯಾಕೆಂದರೆ ಹವಾಮಾನ ಬದಲಾದರೆ ಅದೂ ಒಂದೆರಡು ಅಂಕ ಆಚೀಚೆ ಆಗುತ್ತದೆ. ಎಲ್ಲಾ ಮಾಡಿಯೂ ವ್ಯತ್ಯಾಸ ಇಳಿಯದೇ ಇದ್ದರೆ, ನಿಮ್ಮದು ಕೇಬಲ್ ಥ್ರಾಟಲ್ ಆಗಿದ್ದರೆ, ಎಂಜಿನ್ ಆಫ್ ಮಾಡಿ ಒಬ್ಬರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ, ನೀವು ಪೈಪ್ ತೆಗೆದು ಒಳಗೆ ನೋಡಿ. ಬಟರ್‌ಫ್ಲೈ ಗಾಳಿ ಹೋಗುವ ದಿಕ್ಕಿಗೆ ನೇರವಾಗಿ ನಿಲ್ಲಬೇಕು. ಓರೆಯಾಗಿ ನಿಂತಿದ್ದರೆ ಕೇಬಲ್ ಸಡಿಲ ಆಗಿದೆ ಅಥವಾ ಪೆಡಲ್ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿದೆ. ಮ್ಯಾಟ್ ಸರಿಸಿ, ಕೇಬಲ್ ನಟ್ ಬಿಗಿ ಮಾಡಿ. ಪೆಡಲ್ ಬಿಟ್ಟಾಗ ಬಟರ್‌ಫ್ಲೈ ಪೂರ್ತಿ ವಾಪಸ್ ಮುಚ್ಚುತ್ತದಾ ಅಂತಲೂ ನೋಡಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ.